ಒಂದು ‘ಇಲ್ಲ’ವನ್ನು ತಿದ್ದಿಸಿದ ಪ್ರಕರಣ: ಮನೋರೋಗದ ಕಾರಣಕ್ಕೆ ಸೇನೆಯಿಂದ ಹೊರಬಂದ ಸಿಪಾಯಿಯ ದಾಖಲೆ

ಈ ಪ್ರಕರಣದ ಸಿಪಾಯಿ ಉತ್ತರ ಕರ್ನಾಟಕದ ಒಂದು ಹಳ್ಳಿಯವರು. ಅವರ ಕಾಯಿಲೆಗೂ ಸೇವೆಗೂ ಸಂಬಂಧ ‘ಇಲ್ಲ’ ಎಂದು ವೈದ್ಯಕೀಯ ಮಂಡಳಿ ಬರೆದದ್ದನ್ನು ತಿದ್ದಿಸಿ, ಅಂಗವೈಕಲ್ಯ ಪಿಂಚಣಿ ಪಡೆದ ಬಗೆ ಇಲ್ಲಿದೆ. ಅವರ ಊರು, ರೆಜಿಮೆಂಟು, ಆಸ್ಪತ್ರೆಗಳ ಹೆಸರು ಇಲ್ಲಿಲ್ಲ. ಗುರುತು ಹತ್ತದಂತೆ ಕೆಲವು ವಿವರಗಳನ್ನೂ ಬದಲಿಸಿದೆ. ಇಂಥದ್ದೇ ಸ್ಥಿತಿಯಲ್ಲಿರುವ ಮನೆಗಳಿಗೆ ಉಪಯೋಗಕ್ಕೆ ಬರುವುದು ಯಾವ ಕಾಗದ ಯಾವಾಗ ಸಿಕ್ಕಿತು, ಅದರಿಂದ ಏನು ಬದಲಾಯಿತು ಎಂಬುದು. ಅದನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದೆ.

ಹಿನ್ನೆಲೆ

2008ರ ಮಾರ್ಚಿನಲ್ಲಿ ಪದಾತಿ ದಳಕ್ಕೆ ಭರ್ತಿ. ಆಗಿನ ವೈದ್ಯಕೀಯ ತಪಾಸಣೆಯಲ್ಲಿ ‘ಶೇಪ್-1’, ಅಂದರೆ ಎಲ್ಲ ರೀತಿಯಲ್ಲೂ ಸಮರ್ಥ. ಸೇನೆಯ ಈ ವರ್ಗೀಕರಣದಲ್ಲಿ ಮೊದಲ ಅಕ್ಷರವಾದ ‘ಎಸ್’ ಮನಸ್ಸಿನ ಆರೋಗ್ಯಕ್ಕೆ ಸಂಬಂಧಿಸಿದ್ದು. ಅದರ ಪಕ್ಕ 1 ಇದ್ದರೆ ಪೂರ್ಣ ಸಮರ್ಥ, 5 ಇದ್ದರೆ ಸೇವೆಗೇ ಅನರ್ಹ. ನಡುವಿನ ಅಂಕಿಗಳಿಗೆಲ್ಲ ಕೆಲಸದ ನಿರ್ಬಂಧಗಳಿರುತ್ತವೆ.

2011ರ ಮಾರ್ಚಿನಿಂದ 2013ರ ಸೆಪ್ಟೆಂಬರ್ ವರೆಗೆ ಕಾಶ್ಮೀರ ಕಣಿವೆಯಲ್ಲಿ, ಉಗ್ರ ನಿಗ್ರಹಕ್ಕೆಂದೇ ಇರುವ ರಾಷ್ಟ್ರೀಯ ರೈಫಲ್ಸ್‌ನಲ್ಲಿ ಕೆಲಸ. ಅದು ಮುಗಿದ ಮೇಲೆ ಶಾಂತಿ ಠಾಣೆಯಲ್ಲಿ, ಅಂದರೆ ಕಾರ್ಯಾಚರಣೆ ಇಲ್ಲದ ಜಾಗದಲ್ಲಿ, ಇದ್ದ ಮೂಲ ಘಟಕಕ್ಕೆ ವಾಪಸು. ಡಿಸೆಂಬರಿನಲ್ಲಿ ಸೇನಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ದಾಖಲು: ನಿದ್ರೆ ಇಲ್ಲ, ಊಟ ಸೇರದು, ಯಾರೊಂದಿಗೂ ಮಾತಿಲ್ಲ, ಸಾಯುವ ಮಾತು. ಖಿನ್ನತೆ ಎಂದು ರೋಗನಿರ್ಣಯವಾಗಿ ಎಸ್-3 ವರ್ಗಕ್ಕೆ ಇಳಿಸಿದರು. ಚಿಕಿತ್ಸೆಯಿಂದ ಚೇತರಿಕೆ ಕಂಡು, 2014ರ ಡಿಸೆಂಬರಿನಲ್ಲಿ ಕಾಯಂ ಎಸ್-2 ಆಯಿತು. ಅದರ ಜೊತೆಗೆ ಮೂರು ನಿರ್ಬಂಧಗಳಿದ್ದವು: ಶಸ್ತ್ರ ಕೊಡಬಾರದು, ಒಂಟಿ ಕಾವಲಿಗೆ ಹಾಕಬಾರದು, ಎತ್ತರದ ಪ್ರದೇಶಕ್ಕೆ ಕಳಿಸಬಾರದು.

2015ರ ಆಗಸ್ಟಿನಲ್ಲಿ ಘಟಕವೇ ಎತ್ತರದ ಪ್ರದೇಶಕ್ಕೆ ಹೊರಟಿತು. ಹಿಂದೆ ಉಳಿಯುವ ತುಕಡಿಯಲ್ಲಿ ಇವರನ್ನು ಬಿಡಲಿಲ್ಲ, ಜೊತೆಗೇ ಕರೆದೊಯ್ದರು. 2016ರ ಜನವರಿಯಲ್ಲಿ ಕಾಯಿಲೆ ಮರುಕಳಿಸಿತು, ಹೆಲಿಕಾಪ್ಟರಿನಲ್ಲಿ ಕೆಳಗಿಳಿಸಬೇಕಾಯಿತು. ಸೆಪ್ಟೆಂಬರಿನಲ್ಲಿ ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್, ಅಂದರೆ ಸೇವೆಯಿಂದ ಹೊರಕಳಿಸಲು ಕೂರುವ ವೈದ್ಯಕೀಯ ಮಂಡಳಿ, ಇವರನ್ನು ಎಸ್-5 ಎಂದು ನಿರ್ಧರಿಸಿತು. ಮರುಕಳಿಸುವ ಖಿನ್ನತೆ, ಅಂಗವೈಕಲ್ಯ ಶೇ 40, ಜೀವಮಾನವಿಡೀ. 2016ರ ನವೆಂಬರ್ 30ಕ್ಕೆ ಸೇನಾ ನಿಯಮ 13(3)ರ ಅಡಿ ವೈದ್ಯಕೀಯ ಕಾರಣಕ್ಕೆ ಬಿಡುಗಡೆ.

ತೊಡಕು ಎಲ್ಲಿತ್ತು

ಮಂಡಳಿಯ ನಡವಳಿ ಬರೆಯುವ ನಮೂನೆಗೆ ಎಎಫ್‌ಎಂಎಸ್‌ಎಫ್-16 ಎಂದು ಹೆಸರು. ಅದರ ಅಭಿಪ್ರಾಯದ ಭಾಗದಲ್ಲಿ ಪ್ರತಿ ಕಾಯಿಲೆಗೂ ಎರಡು ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂದು ಬರೆದು, ಪಕ್ಕದಲ್ಲಿ ಕಾರಣ ಕೊಡಬೇಕು. ಕಾಯಿಲೆ ಸೇವೆಯಿಂದಲೇ ಬಂದದ್ದೇ? ಸೇವೆಯಿಂದ ಉಲ್ಬಣಿಸಿತೇ? ಇವರ ಕಾಗದದಲ್ಲಿ ಎರಡಕ್ಕೂ ‘ಇಲ್ಲ’. ಕಾರಣದ ಜಾಗದಲ್ಲಿ ಇದ್ದ ಒಂದೇ ವಾಕ್ಯದ ಸಾರಾಂಶ: ಪ್ರಕೃತಿದತ್ತ ಕಾಯಿಲೆ, ಶಾಂತಿ ಠಾಣೆಯಲ್ಲಿ ಆರಂಭ, ಕುಟುಂಬದಲ್ಲಿ ಮನೋರೋಗದ ಇತಿಹಾಸ ಇದೆ.

ಆ ವಾಕ್ಯದ ಬೆಲೆ ಎಷ್ಟೆಂಬುದು ಮನೆಯವರಿಗೆ ಗೊತ್ತಾಗಲು ವರ್ಷಗಳೇ ಹಿಡಿದವು. ಅಂಗವೈಕಲ್ಯ ಪಿಂಚಣಿಗೆ ಎರಡು ಷರತ್ತು: ವೈಕಲ್ಯ ಶೇ 20 ಅಥವಾ ಹೆಚ್ಚಿರಬೇಕು, ಜೊತೆಗೆ ಅದು ಸೇವೆಯಿಂದ ಬಂದಿರಬೇಕು ಅಥವಾ ಸೇವೆಯಿಂದ ಉಲ್ಬಣಿಸಿರಬೇಕು. ಮೊದಲನೆಯದು ಇವರಿಗಿತ್ತು, ಎರಡನೆಯದು ಇರಲಿಲ್ಲ. ಸಂಬಂಧವಿಲ್ಲದ ಕಾಯಿಲೆಗೆ ‘ಇನ್‌ವ್ಯಾಲಿಡ್ ಪಿಂಚಣಿ’ ಎಂಬುದೊಂದಿದೆ, ಅದಕ್ಕೆ ಆಗ ಹತ್ತು ವರ್ಷದ ಅರ್ಹ ಸೇವೆ ಬೇಕಿತ್ತು. ಇವರದು ಎಂಟು ವರ್ಷ ಎಂಟು ತಿಂಗಳು. 2020ರ ಜುಲೈನಲ್ಲಿ ಸರ್ಕಾರ ಈ ಹತ್ತು ವರ್ಷದ ಷರತ್ತನ್ನು ಸಡಿಲಿಸಿತಾದರೂ 2019ರ ಜನವರಿ 4ರಂದು ಅಥವಾ ಆಮೇಲೆ ಸೇವೆಯಲ್ಲಿದ್ದವರಿಗೆ ಮಾತ್ರ. ಹಾಗಾಗಿ ಗ್ರಾಚ್ಯುಟಿಯ ಒಂದು ಗಂಟು ಕೈಗಿಟ್ಟು ಕಳಿಸಿದಂತಾಯಿತು.

ಪಿಂಚಣಿ ಇಲ್ಲದಿದ್ದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಚಿಕಿತ್ಸಾ ಕಾರ್ಡೂ ಇಲ್ಲ. ಸರ್ಕಾರಿ ನೌಕರಿಯ ಮೀಸಲಾತಿಗೆ ಬೇಕಾದ ‘ಮಾಜಿ ಸೈನಿಕ’ ಎಂಬ ಮಾನ್ಯತೆಯೂ ಇಲ್ಲ, ಯಾಕೆಂದರೆ ವೈದ್ಯಕೀಯ ಕಾರಣಕ್ಕೆ ಅವಧಿಗೆ ಮೊದಲೇ ಹೊರಬಂದವರು ವೈದ್ಯಕೀಯ ಅಥವಾ ಅಂಗವೈಕಲ್ಯ ಪಿಂಚಣಿ ಪಡೆಯುತ್ತಿದ್ದರಷ್ಟೇ ಆ ವ್ಯಾಖ್ಯೆಯೊಳಗೆ ಬರುತ್ತಾರೆ. ಡಿಸ್ಚಾರ್ಜ್ ಬುಕ್ಕಿನಲ್ಲಿ ಮಾತ್ರ ರೋಗದ ಹೆಸರು ಇದ್ದೇ ಇತ್ತು. ಸೆಕ್ಯುರಿಟಿ ಗಾರ್ಡ್ ಕೆಲಸ ಕೇಳಿಕೊಂಡು ಹೋದಾಗ ಆ ಪುಸ್ತಕ ತೋರಿಸಿದರೆ ಕೆಲಸ ಸಿಗದು, ತೋರಿಸದಿದ್ದರೆ ಮಿಲ್ಟ್ರಿಯಲ್ಲಿದ್ದದ್ದಕ್ಕೆ ಪುರಾವೆ ಇಲ್ಲ.

ವ್ಯರ್ಥವಾದ ವರ್ಷಗಳು

2017ರ ಮಧ್ಯದಲ್ಲಿ, ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಅಂಗವೈಕಲ್ಯ ಪಿಂಚಣಿಯ ಕೋರಿಕೆ ತಿರಸ್ಕೃತವಾಗಿದೆ, ಆರು ತಿಂಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು ಎಂದು ಅದರಲ್ಲಿತ್ತು. ಮನೆಯಲ್ಲಿ ಅದನ್ನು ‘ಪಿಂಚಣಿ ಬರಂಗಿಲ್ಲ’ ಎಂದಷ್ಟೇ ಓದಿ, ಟ್ರಂಕಿನಲ್ಲಿಟ್ಟರು. ಕೊನೆಯ ಸಾಲನ್ನು ಯಾರೂ ಓದಲಿಲ್ಲ.

ಆಮೇಲೆ ಶಾಸಕರ ಪತ್ರ, ಸಂಸದರ ಪತ್ರ, ದೆಹಲಿಯ ಕುಂದುಕೊರತೆ ಪೋರ್ಟಲ್ಲಿಗೆ ದೂರು. ಪ್ರತಿಯೊಂದೂ ಸುತ್ತಿ ಅದೇ ರೆಕಾರ್ಡ್ ಆಫೀಸಿಗೆ ಬಂದು, ಅದೇ ಉತ್ತರ ಹೊತ್ತು ಹಿಂದಿರುಗಿತು. ಇಂಥ ಅರ್ಜಿಗಳಿಂದ ಮಂಡಳಿಯ ಅಭಿಪ್ರಾಯ ಬದಲಾಗುವುದಿಲ್ಲ, ಕಾಲಮಿತಿಯೂ ನಿಲ್ಲುವುದಿಲ್ಲ. ಇಂಥ ಮನೆಗಳಲ್ಲಿ ಅತಿ ಹೆಚ್ಚು ಕಾಲ ಹೋಗುವುದು ಇಲ್ಲೇ. ಶಾಸಕರ ಪತ್ರ ಬೇಡವೆಂದಲ್ಲ, ಅದರ ಹೆಸರಿನಲ್ಲಿ ಮೇಲ್ಮನವಿ ತಡವಾಗಬಾರದು.

2018ರಲ್ಲಿ ಆದದ್ದು ಇನ್ನೂ ದುಬಾರಿ. ಊರಿನ ಹತ್ತಿರದ ವಕೀಲರೊಬ್ಬರ ಮೂಲಕ ಒಂದು ನೋಟಿಸು ಹೋಯಿತು: ಇವರಿಗೆ ಯಾವ ಮಾನಸಿಕ ಕಾಯಿಲೆಯೂ ಇರಲಿಲ್ಲ, ಸುಳ್ಳು ರೋಗ ಬರೆದು ಹೊರಹಾಕಿದ್ದಾರೆ, ಮರಳಿ ನೌಕರಿಗೆ ತೆಗೆದುಕೊಳ್ಳಬೇಕು. ಬರೆಸಿದವರ ನೋವು ಅರ್ಥವಾಗುವಂಥದ್ದು. ಆದರೆ ಕಾಯಿಲೆಯೇ ಇರಲಿಲ್ಲ ಎಂದು ಒಮ್ಮೆ ಬರೆದುಕೊಟ್ಟ ಮೇಲೆ, ಅದೇ ಕಾಯಿಲೆ ಸೇವೆಯಿಂದ ಹೆಚ್ಚಾಯಿತು ಎಂದು ಪಿಂಚಣಿ ಕೇಳುವುದು ಹೇಗೆ? ನಾಲ್ಕು ವರ್ಷದ ನಂತರ ಸೇನೆಯ ಪರ ಸಲ್ಲಿಸಿದ ಆಕ್ಷೇಪಣೆಯಲ್ಲಿ ಈ ನೋಟಿಸಿನ ಪ್ರತಿ ಲಗತ್ತಾಗಿತ್ತು.

ಅಷ್ಟರಲ್ಲಿ ಚಿಕಿತ್ಸೆಯೂ ಹದಿನಾಲ್ಕು ತಿಂಗಳು ನಿಂತುಹೋಗಿತ್ತು. ಗಾಳಿ ಸೋಕಿದೆ ಎಂದು ಒಂದಷ್ಟು ಕಡೆ ತಿರುಗಾಡಿಸಿದರು. ಕೊನೆಗೆ ಹೆಂಡತಿಯೇ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆತಂದು ಮಾತ್ರೆ ಮತ್ತೆ ಶುರುವಾಯಿತು. ಪ್ರಕರಣ ಗೆಲ್ಲಲು ಬೇಕಾದ ಕಾಗದಕ್ಕಿಂತ ಮೊದಲು ಆಗಬೇಕಾದದ್ದು ಇದೇ. ಕಾಯಿಲೆ ಹತೋಟಿಯಲ್ಲಿಲ್ಲದ ಮನುಷ್ಯನಿಂದ ಹೇಳಿಕೆ ಬರೆಸುವುದು, ಪ್ರಮಾಣಪತ್ರ ಮಾಡಿಸುವುದು, ಕಚೇರಿ ಅಲೆಸುವುದು ಅವರಿಗೂ ಕಷ್ಟ, ಪ್ರಕರಣಕ್ಕೂ ಕೇಡು.

ಏನನ್ನು ತಿದ್ದಿಸಬೇಕು?

2020ರಲ್ಲಿ ತಾಲ್ಲೂಕಿನ ಮಾಜಿ ಸೈನಿಕರ ಸಂಘದ ನಿವೃತ್ತ ಸುಬೇದಾರರೊಬ್ಬರು ಕಾಗದಗಳನ್ನು ಬಿಚ್ಚಿ ಕೂತಾಗ, ತಾಯಿ ಮೊದಲು ಕೇಳಿದ್ದು ಹಣವನ್ನಲ್ಲ. “ಆ ಪುಸ್ತಕದಾಗ ಹುಚ್ಚ ಅಂತ ಬರದಾರ್ರೀ ಸಾಹೇಬ್ರ, ಮೊದಲ ಅದನ್ನ ಅಳಿಸ್ರಿ. ರೊಕ್ಕ ಆಮ್ಯಾಲೆ ನೋಡೋಣು.”

ಇಡೀ ಪ್ರಕರಣದ ದೊಡ್ಡ ತೀರ್ಮಾನ ಆದದ್ದು ಈ ಮಾತಿನ ಮೇಲೆ. ರೋಗದ ಹೆಸರನ್ನು ಅಳಿಸಲು ಹೊರಟರೆ ಏನಾಗುತ್ತದೆ? ರೋಗನಿರ್ಣಯ ತಪ್ಪು ಎಂದು ಸಾಬೀತಾದರೆ ಶೇ 40ರ ವೈಕಲ್ಯವೂ ಹೋಗುತ್ತದೆ, ಅದರ ಮೇಲೆ ನಿಂತ ಪಿಂಚಣಿಯ ಹಕ್ಕೂ ಹೋಗುತ್ತದೆ. ಆಮೇಲೆ ಉಳಿಯುವುದು ನೌಕರಿಗೆ ವಾಪಸು ತೆಗೆದುಕೊಳ್ಳಿ ಎಂಬ ಬೇಡಿಕೆಯೊಂದೇ. ದಿನವೂ ಮಾತ್ರೆಯ ಮೇಲಿರುವ, ಮತ್ತೆ ಬಂದೂಕು ಹಿಡಿಯುವ ಸ್ಥಿತಿಯಲ್ಲಿಲ್ಲದ ವ್ಯಕ್ತಿಗೆ ಅದು ಆಗದ ಮಾತು. ಎಲ್ಲಕ್ಕಿಂತ ಮುಖ್ಯವಾಗಿ, ಕಾಯಿಲೆ ನಿಜವಾಗಿತ್ತು.

ತಿದ್ದಿಸಬೇಕಾದದ್ದು ರೋಗದ ಹೆಸರಿನ ಮುಂದಿದ್ದ ‘ಇಲ್ಲ’ವನ್ನು. ಎರಡು ‘ಇಲ್ಲ’ಗಳಲ್ಲಿ ಒಂದು ‘ಹೌದು’ ಆದರೂ ಸಾಕು. ಸೇವೆಯಿಂದ ಬಂದದ್ದು, ಸೇವೆಯಿಂದ ಉಲ್ಬಣಿಸಿದ್ದು: ಇವೆರಡಕ್ಕೂ ಅಂಗವೈಕಲ್ಯ ಪಿಂಚಣಿಯ ಮೊತ್ತದಲ್ಲಿ ಭೇದವಿಲ್ಲ. ಹಾಗಾಗಿ ಸಾಬೀತು ಮಾಡಲು ಹಗುರವಾದ ‘ಉಲ್ಬಣಿಸಿದ್ದು’ ಎಂಬುದನ್ನೇ ಮುಂದಿಡುವುದೆಂದು ನಿರ್ಧಾರವಾಯಿತು. ತಾಯಿಗೆ ಇದನ್ನು ಒಪ್ಪಿಸುವುದು ಸುಲಭವಿರಲಿಲ್ಲ. “ಅಳಿಸಾಕ ಬರಂಗಿಲ್ರೀ ಅಕ್ಕಾ. ಆದ್ರ ಅದು ಮನಿಯಿಂದ ಹೊತ್ಕೊಂಡು ಹೋದ ರೋಗ ಅಲ್ಲ, ಅಲ್ಲಿ ದುಡದು ತಂದದ್ದು ಅಂತ ಅವರ ಕೈಲೇ ಬರಸೋಣು,” ಎಂದು ಸುಬೇದಾರರು ಹೇಳಿದ ಮೇಲೆ ಅವರು ಸುಮ್ಮನಾದರು.

ಕಾಗದ ತರಿಸಿದ್ದು

ಮನೆಯಲ್ಲಿದ್ದದ್ದು ಡಿಸ್ಚಾರ್ಜ್ ಬುಕ್ಕು, ತಿರಸ್ಕಾರದ ಪತ್ರ, ಒಂದು ಕಟ್ಟು ಸಂಬಳದ ಚೀಟಿ. ಉಳಿದದ್ದಕ್ಕೆ ಮಾಹಿತಿ ಹಕ್ಕು ಅರ್ಜಿ. ಮೊದಲ ಅರ್ಜಿಗೆ ಹೆಂಡತಿ ಸಹಿ ಹಾಕಿದ್ದರು. ಅದು ಮೂರನೆಯವರ ವೈಯಕ್ತಿಕ ಮಾಹಿತಿ ಎಂಬ ಕಾರಣಕ್ಕೆ, ಕಾಯ್ದೆಯ 8(1)(ಜೆ) ಕಲಂ ತೋರಿಸಿ, ತಿರಸ್ಕೃತವಾಯಿತು. ಎರಡನೆಯದಕ್ಕೆ ಸಿಪಾಯಿಯೇ ಸಹಿ ಹಾಕಿ, ಗುರುತಿನ ಚೀಟಿ ಮತ್ತು ಡಿಸ್ಚಾರ್ಜ್ ಬುಕ್ಕಿನ ಮೊದಲ ಪುಟದ ಪ್ರತಿ ಸೇರಿಸಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ರೆಕಾರ್ಡ್ ಆಫೀಸಿಗೆ ಕಳಿಸಿದರು. ಭೂಸೇನೆ ಈ ಕಾಯ್ದೆಯಿಂದ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಯಲ್ಲಿಲ್ಲ. ಬಿಎಸ್‌ಎಫ್, ಸಿಆರ್‌ಪಿಎಫ್ ಆ ಪಟ್ಟಿಯಲ್ಲಿವೆ. ಆ ದಳಗಳವರಿಗೆ ಮುಂದೆ ಹೇಳುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯೂ ಇಲ್ಲ, ಅವರು ಹೈಕೋರ್ಟಿಗೇ ಹೋಗಬೇಕು.

‘ನನ್ನ ಎಲ್ಲ ದಾಖಲೆ ಕೊಡಿ’ ಎಂದು ಬರೆದರೆ ಬರುವುದು ಎರಡು ಪುಟ. ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು. ಇಲ್ಲಿ ಕೇಳಿದ್ದು: ಭರ್ತಿಯ ವೈದ್ಯಕೀಯ ನಮೂನೆ ಎಎಫ್‌ಎಂಎಸ್‌ಎಫ್-2ಎ, ಪ್ರತಿ ಸಲ ವರ್ಗ ಇಳಿಸಿದ ಮಂಡಳಿಯ ನಡವಳಿ, ನಿರ್ಬಂಧಗಳ ಸಮೇತ, ಮನೋರೋಗದ ಪ್ರಕರಣದಲ್ಲಿ ಕಮಾಂಡಿಂಗ್ ಅಧಿಕಾರಿ ಆಸ್ಪತ್ರೆಗೆ ಬರೆದುಕೊಡುವ ವರದಿ ಎಎಫ್‌ಎಂಎಸ್‌ಎಫ್-10, ಹೊರಕಳಿಸಿದ ಮಂಡಳಿಯ ಎಎಫ್‌ಎಂಎಸ್‌ಎಫ್-16, ಎಲ್ಲ ಪುಟಗಳೊಂದಿಗೆ, ಎಲ್ಲಿಂದ ಎಲ್ಲಿಗೆ ಯಾವ ತಾರೀಖಿಗೆ ಎಂಬುದಿರುವ ಪಾರ್ಟ್-2 ಆರ್ಡರುಗಳು. ಆಸ್ಪತ್ರೆಯ ಕೇಸ್ ಶೀಟು ರೆಕಾರ್ಡ್ ಆಫೀಸಿನಲ್ಲಿ ಇರದೇ ಹೋಗಬಹುದೆಂದು 2013ರಲ್ಲಿ ದಾಖಲಾಗಿದ್ದ ಆಸ್ಪತ್ರೆಗೂ ಪ್ರತ್ಯೇಕ ಅರ್ಜಿ ಹೋಯಿತು. ಮಾನಸಿಕ ಆರೋಗ್ಯ ಕಾಳಜಿ ಕಾಯ್ದೆ 2017ರ 25ನೇ ಕಲಂ ರೋಗಿಗೆ ತನ್ನ ವೈದ್ಯಕೀಯ ದಾಖಲೆ ಪಡೆಯುವ ಹಕ್ಕು ಕೊಟ್ಟಿದೆ. ಅದನ್ನೂ ಅರ್ಜಿಯಲ್ಲಿ ನಮೂದಿಸಿದ್ದರು.

ರಾಷ್ಟ್ರೀಯ ರೈಫಲ್ಸ್ ಘಟಕದ ವೈದ್ಯಾಧಿಕಾರಿಯ ದಿನನಿತ್ಯದ ರೋಗಿಗಳ ಪುಸ್ತಕ ಸಿಗಲಿಲ್ಲ, ನಾಶಪಡಿಸಲಾಗಿದೆ ಎಂಬ ಉತ್ತರ ಬಂತು. ತಡ ಮಾಡಿದಷ್ಟೂ ಹೀಗೆ ಕಳೆದುಹೋಗುವ ಪುಸ್ತಕಗಳು ಹೆಚ್ಚು. ಅಂಗವೈಕಲ್ಯ ಪಿಂಚಣಿಯ 2008ರ ಅರ್ಹತಾ ನಿಯಮಗಳ ಪ್ರಕಾರ ಸಾಮಾನ್ಯವಾಗಿ ಪುರಾವೆಯ ಹೊರೆ ಸೈನಿಕನ ಮೇಲಿಲ್ಲ. ಆದರೆ ಬಿಡುಗಡೆಯಾಗಿ ಹದಿನೈದು ವರ್ಷ ಕಳೆದು, ದಾಖಲೆಗಳು ನಾಶವಾದ ಮೇಲೆ ಕೇಳಿದರೆ ಆ ಹೊರೆ ಅವನ ಹೆಗಲಿಗೇ ಬರುತ್ತದೆ.

ಪ್ರಕರಣ ತಿರುಗಿದ್ದು ಎರಡು ಜಾಗದಲ್ಲಿ

ಮಂಡಳಿ ಕಾಯಿಲೆಯ ಆರಂಭವನ್ನು 2013ರ ಡಿಸೆಂಬರ್, ಶಾಂತಿ ಠಾಣೆ ಎಂದು ಬರೆದಿತ್ತು. ಅದು ಆಸ್ಪತ್ರೆಗೆ ದಾಖಲಾದ ತಾರೀಖು. ಆಸ್ಪತ್ರೆಯ ಕೇಸ್ ಶೀಟು ಬಂದಾಗ ಅದರ ಮೊದಲ ಪುಟದಲ್ಲೇ, ದಾಖಲು ಮಾಡಿಕೊಂಡ ವೈದ್ಯರ ಕೈಬರಹದಲ್ಲಿ, ತೊಂದರೆಯ ಅವಧಿ ಐದು ತಿಂಗಳು ಎಂದಿತ್ತು: ನಿದ್ರೆ ಬಾರದೆ, ಸಣ್ಣ ಸದ್ದಿಗೂ ಬೆಚ್ಚುತ್ತ. ಡಿಸೆಂಬರಿನಿಂದ ಐದು ತಿಂಗಳು ಹಿಂದೆ ಎಣಿಸಿದರೆ ಜುಲೈ. ಜುಲೈನಲ್ಲಿ ಅವರು ಇದ್ದದ್ದು ಕಣಿವೆಯಲ್ಲಿ, ಉಗ್ರರ ವಿರುದ್ಧದ ಕಾರ್ಯಾಚರಣೆಯ ಪ್ರದೇಶದಲ್ಲಿ. ಸೇನೆಯ ಆಸ್ಪತ್ರೆಯ ಕಾಗದವೇ ಸೇನೆಯ ಮಂಡಳಿಯ ವಾಕ್ಯವನ್ನು ಸುಳ್ಳು ಮಾಡುತ್ತಿತ್ತು. ಆಗ ಈ ಮನುಷ್ಯನಿಗೆ ಪಿಂಚಣಿಯ ಯೋಚನೆಯೇ ಇರಲಿಲ್ಲ, ಹಾಗಾಗಿ ಬೇಕೆಂದೇ ಹೇಳಿದ್ದು ಎನ್ನಲೂ ಬರುವುದಿಲ್ಲ. ಮನೋರೋಗದ ಪ್ರಕರಣಗಳಲ್ಲಿ ಈ ಒಂದು ಸಾಲನ್ನು ಮೊದಲು ಹುಡುಕಬೇಕು. ಕಾಯಿಲೆ ಶುರುವಾದ ದಿನವೂ ಆಸ್ಪತ್ರೆ ಸೇರಿದ ದಿನವೂ ಒಂದೇ ಆಗಿರುವುದು ಅಪರೂಪ.

ಎರಡನೆಯದು ಇನ್ನೂ ಗಟ್ಟಿ. ಸೇನಾ ವೈದ್ಯರಿಗೆ ಪಿಂಚಣಿ ಪ್ರಕರಣಗಳಲ್ಲಿ ದಾರಿ ತೋರಿಸುವ ಒಂದು ಅಧಿಕೃತ ಕೈಪಿಡಿ ಇದೆ. 2002ರಲ್ಲಿ ಬಂದದ್ದು, 2008ರಲ್ಲಿ ತಿದ್ದುಪಡಿಯಾದದ್ದು. ಅದರ 54ನೇ ಪ್ಯಾರಾ ಮನೋರೋಗಗಳ ಬಗ್ಗೆ. ಅದರ ಪ್ರಕಾರ ಮನೋರೋಗವು ಒಳಗಿನ ಕಾರಣ ಮತ್ತು ಹೊರಗಿನ ಒತ್ತಡ ಎರಡೂ ಸೇರಿ ಬರುವಂಥದ್ದು. ಉಗ್ರ ನಿಗ್ರಹ ಪ್ರದೇಶ, ಎತ್ತರದ ಪ್ರದೇಶ, ತೀರಾ ಒಂಟಿಯಾದ ಠಾಣೆಗಳಲ್ಲಿ ಕಾಣಿಸಿಕೊಂಡರೆ ಸೇವೆಯಿಂದ ಬಂದದ್ದೆಂದು ಒಪ್ಪಬೇಕು. ಆಮೇಲೆ ಒಂದು ಮಾತಿದೆ: ಮನೋರೋಗವೆಂದು ಗುರುತಿಸಿ ಕೆಲಸದ ನಿರ್ಬಂಧ ಹಾಕಿದ ಮೇಲೂ ಅಂಥ ಪ್ರದೇಶದಲ್ಲಿ ಸೇವೆ ಸಲ್ಲಿಸಿ ಕಾಯಿಲೆ ಹದಗೆಟ್ಟರೆ, ಸೇವೆಯಿಂದ ಉಲ್ಬಣಿಸಿದ್ದೆಂದು ಒಪ್ಪಬೇಕು.

ಇವರ ಎಸ್-2 ನಡವಳಿಯಲ್ಲಿ ‘ಎತ್ತರದ ಪ್ರದೇಶ ಬೇಡ’ ಎಂದಿತ್ತು. 2015ರ ಆಗಸ್ಟಿನಿಂದ ಅಲ್ಲೇ ಇದ್ದರು ಎಂಬುದಕ್ಕೆ ಪಾರ್ಟ್-2 ಆರ್ಡರಿನ ಪ್ರತಿ ಮಸುಕಾಗಿತ್ತು, ತಾರೀಖು ಕಾಣುತ್ತಿರಲಿಲ್ಲ. ಆಗ ಕೆಲಸಕ್ಕೆ ಬಂದದ್ದು ಹೆಂಡತಿ ಜೋಪಾನ ಮಾಡಿಟ್ಟ ಸಂಬಳದ ಚೀಟಿಗಳು. 2015ರ ಸೆಪ್ಟೆಂಬರಿನಿಂದ 2016ರ ಜನವರಿಯ ತನಕ ಪ್ರತಿ ತಿಂಗಳ ಚೀಟಿಯಲ್ಲೂ ಎತ್ತರದ ಪ್ರದೇಶದ ಭತ್ಯೆ ಜಮೆಯಾಗಿತ್ತು. ಭತ್ಯೆ ಕೊಟ್ಟವರು ಆ ಮನುಷ್ಯ ಅಲ್ಲಿರಲಿಲ್ಲ ಎನ್ನಲಾರರು. ಸೈನಿಕರ ಮನೆಗಳಲ್ಲಿ ಇಂಥ ಚೀಟಿಗಳನ್ನು ರದ್ದಿಗೆ ಹಾಕುವುದನ್ನು ನೋಡಿದಾಗ ಸಂಕಟವಾಗುತ್ತದೆ.

ಕುಟುಂಬದ ಇತಿಹಾಸದ ವಿಷಯದಲ್ಲಿ ಮನೆಯೊಳಗೇ ವಾದ ನಡೆಯಿತು. ದೊಡ್ಡಪ್ಪನಿಗೆ ಮಾನಸಿಕ ತೊಂದರೆ ಇದ್ದದ್ದು ನಿಜ, ಆಸ್ಪತ್ರೆಯಲ್ಲಿ ಸಿಪಾಯಿಯೇ ಹೇಳಿದ್ದರು. ಅದನ್ನು ಅಲ್ಲಗಳೆಯೋಣ ಎಂದವರೂ ಇದ್ದರು. ಕೊನೆಗೆ ಒಪ್ಪಿಕೊಂಡೇ ಬರೆದರು: ಒಳಗಿನ ಪ್ರವೃತ್ತಿ ಇದ್ದಿರಬಹುದು, ಅದು ಇದ್ದೂ ಮೊದಲ ಐದು ವರ್ಷ ಯಾವ ತೊಂದರೆಯೂ ಇಲ್ಲದೆ ಸೇವೆ ಮಾಡಿದ್ದಾರೆ, ಉಲ್ಬಣಿಸಿತೇ ಎಂಬ ಪ್ರಶ್ನೆಗೆ ದೊಡ್ಡಪ್ಪನ ಕಾಯಿಲೆ ಉತ್ತರವಾಗುವುದಿಲ್ಲ. ಈ ನಿಲುವೇ ಸರಿ. ಸೈನಿಕನ ಬಾಯಿಂದ ಬಂದು ದಾಖಲೆಯಾದ ಮಾತನ್ನು ಆಮೇಲೆ ಸುಳ್ಳೆಂದರೆ, ‘ಐದು ತಿಂಗಳಿಂದ ನಿದ್ರೆಯಿಲ್ಲ’ ಎಂಬ ಮಾತನ್ನು ಮಾತ್ರ ನಿಜವೆಂದು ನಂಬಲು ಯಾರಿಗೆ ಕಾರಣವಿರುತ್ತದೆ?

ಮೇಲ್ಮನವಿ, ಆಮೇಲೆ ನ್ಯಾಯಮಂಡಳಿ

2021ರ ಆರಂಭದಲ್ಲಿ ವಿಳಂಬ ಮನ್ನಾ ಮಾಡುವ ಕೋರಿಕೆಯೊಂದಿಗೆ ಮೊದಲ ಮೇಲ್ಮನವಿ. ಆರು ತಿಂಗಳು ಕಳೆದರೂ ತೀರ್ಮಾನ ಬರಲಿಲ್ಲ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆ 2007ರ 21ನೇ ಕಲಂ ಇಲಾಖೆಯೊಳಗಿನ ದಾರಿಗಳನ್ನು ಮೊದಲು ಮುಗಿಸಿ ಬನ್ನಿ ಎನ್ನುತ್ತದೆ. ಆರು ತಿಂಗಳು ಉತ್ತರ ಬಾರದಿದ್ದರೆ ಆ ದಾರಿ ಮುಗಿದಂತೆಯೇ ಎಂದೂ ಅದೇ ಕಲಂ ಹೇಳುತ್ತದೆ. ಎರಡನೇ ಮೇಲ್ಮನವಿಗೆ ಕಾಯುವುದನ್ನು ಬಿಟ್ಟು, 2022ರ ಫೆಬ್ರುವರಿಯಲ್ಲಿ ಕರ್ನಾಟಕದ ಪ್ರಕರಣಗಳು ಹೋಗುವ ಕೊಚ್ಚಿ ಪೀಠಕ್ಕೆ ಮೂಲ ಅರ್ಜಿ ಸಲ್ಲಿಸಿದರು.

ಅರ್ಜಿದಾರ ಯಾರಾಗಬೇಕು ಎಂಬ ಪ್ರಶ್ನೆ ಬಂತು. ಮನಸ್ಸು ಸ್ವಸ್ಥವಿಲ್ಲದವರ ಪರವಾಗಿ ಹತ್ತಿರದವರು ಅರ್ಜಿ ಹಾಕುವ ಅವಕಾಶವಿದೆ. ಹೆಂಡತಿ ಹಾಗೆ ಹಾಕಬಹುದಿತ್ತು. ಆದರೆ ಚಿಕಿತ್ಸೆಯಿಂದ ಸಿಪಾಯಿ ಆಗ ಸ್ಥಿರವಾಗಿದ್ದರು, ವ್ಯವಹಾರ ತಿಳಿದು ಸಹಿ ಹಾಕುವ ಸ್ಥಿತಿಯಲ್ಲಿದ್ದಾರೆ ಎಂದು ಮನೋವೈದ್ಯರು ಬರೆದುಕೊಟ್ಟರು. ವಕಾಲತ್ತಿಗೂ ಪ್ರಮಾಣಪತ್ರಕ್ಕೂ ಅವರೇ ಸಹಿ ಹಾಕಿದರು. ಸಾಧ್ಯವಿರುವಾಗ ಹೀಗೆ ಮಾಡುವುದು ಒಳ್ಳೆಯದು: ವಿಚಾರಣೆಗೆ ಒಂದು ಹಂತ ಕಡಿಮೆ, ಮುಂದೆ ಪಿಂಚಣಿ ಖಾತೆ ನಡೆಸಲು ತಕರಾರಿಲ್ಲ, ಮನುಷ್ಯನಿಗೆ ತನ್ನ ಮಾತು ತಾನೇ ಹೇಳಿಕೊಂಡ ಧೈರ್ಯ. ಕಾಯಿಲೆ ತೀವ್ರವಾಗಿದ್ದಾಗ ಮಾತ್ರ ಹೆಂಡತಿಯೋ ತಂದೆಯೋ ನಿಲ್ಲಲೇಬೇಕು, ಆಗ ಸಂಕೋಚಪಡಬಾರದು.

ವಾದದ ಕ್ರಮವನ್ನು ಯೋಚಿಸಿಯೇ ಜೋಡಿಸಿದ್ದರು. ಭರ್ತಿಯಾಗುವಾಗ ಆರೋಗ್ಯವಾಗಿದ್ದರು, ಆದ್ದರಿಂದ ಕಾಯಿಲೆ ಸೇವೆಯದೇ ಎಂಬ ಊಹೆಯಿಂದ ಶುರು ಮಾಡುವುದು ವಾಡಿಕೆ. 2013ರ ಧರಮ್‌ವೀರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆ ಊಹೆಗೆ ಬಲ ಕೊಟ್ಟಿದೆ. ಆದರೆ 2019ರ ನರಸಿಂಗ್ ಯಾದವ್ ಪ್ರಕರಣದಲ್ಲಿ ಅದೇ ಕೋರ್ಟು, ಸ್ಕಿಜೋಫ್ರೇನಿಯಾದಂಥ ಮನೋರೋಗ ಭರ್ತಿಯ ತಪಾಸಣೆಯಲ್ಲಿ ಕಾಣದಿರಬಹುದು, ಕಾಣಲಿಲ್ಲವೆಂದ ಮಾತ್ರಕ್ಕೆ ಸೇವೆಯಿಂದ ಬಂತೆಂದು ಊಹಿಸಲಾಗದು ಎಂದು ಪಿಂಚಣಿ ನಿರಾಕರಿಸಿತು. ಮನೋರೋಗದ ಪ್ರಕರಣ ಹಿಡಿದವರು ಈ ತೀರ್ಪನ್ನು ಓದದೆ ಹೋದರೆ ಮೊದಲ ವಿಚಾರಣೆಯಲ್ಲೇ ನೆಲ ಕುಸಿಯುತ್ತದೆ. ಇಲ್ಲಿ ಊಹೆಯನ್ನು ಕೊನೆಗಿಟ್ಟು, ಮೊದಲು ಐದು ತಿಂಗಳ ಸಾಲು, ಆಮೇಲೆ ನಿರ್ಬಂಧ ಮೀರಿದ ಎತ್ತರದ ಸೇವೆ, ಮೂರನೆಯದಾಗಿ ಮಂಡಳಿ ಸರಿಯಾದ ಕಾರಣ ಕೊಟ್ಟಿಲ್ಲ ಎಂಬುದನ್ನು ಇಟ್ಟರು. ಸೇನೆಯ ಪರ ವಕೀಲರು ನಿರೀಕ್ಷೆಯಂತೆ ನರಸಿಂಗ್ ಯಾದವ್ ತೀರ್ಪನ್ನೇ ಮುಂದಿಟ್ಟರು. ಈ ಅರ್ಜಿ ಬರೀ ಊಹೆಯ ಮೇಲೆ ನಿಂತದ್ದಲ್ಲ ಎಂಬ ಉತ್ತರ ಸಿದ್ಧವಿತ್ತು.

2018ರ ನೋಟಿಸಿಗೆ ಉತ್ತರ ಕೊಡುವುದು ಕಷ್ಟವಾಯಿತು. ಅದು ಚಿಕಿತ್ಸೆ ನಿಂತಿದ್ದ ಹದಿನಾಲ್ಕು ತಿಂಗಳೊಳಗಿನದು ಎಂದು ಡಿಮ್ಹಾನ್ಸ್‌ನ ಹೊರರೋಗಿ ಚೀಟಿಗಳ ತಾರೀಖಿನಿಂದ ತೋರಿಸಿ, ತನಗೆ ಕಾಯಿಲೆಯೇ ಇಲ್ಲ ಎನ್ನುವುದು ಕಾಯಿಲೆಯ ಭಾಗವೇ ಆಗಿರಬಹುದು ಎಂಬ ಮನೋವೈದ್ಯರ ಪತ್ರವನ್ನು ಸೇರಿಸಿದರು.

ಇನ್ನೊಂದು ಎಚ್ಚರ ಕೋರಿಕೆಯ ಭಾಗದಲ್ಲಿ. 2013ರ ವೀರಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮರುಪರಿಶೀಲನಾ ವೈದ್ಯಕೀಯ ಮಂಡಳಿಗೆ ಕಳಿಸಲು ಹೇಳಿತ್ತು. ಇಲ್ಲಿ ಅದನ್ನೇ ಮೊದಲು ಕೇಳಿದ್ದರೆ, ಚೇತರಿಸಿಕೊಂಡಿದ್ದ ಮನುಷ್ಯನ ಶೇಕಡಾವಾರು ಇಳಿಯುವ ಅಪಾಯವಿತ್ತು. ಆದ್ದರಿಂದ ಉಲ್ಬಣಿಸಿದ್ದೆಂದು ನೇರವಾಗಿ ಘೋಷಿಸಿ ಎಂಬುದು ಮೊದಲ ಕೋರಿಕೆ, ಅದು ಆಗದಿದ್ದರೆ ಮರುಮಂಡಳಿ ಎಂಬುದು ಎರಡನೆಯದು.

ಸಿಕ್ಕಿದ್ದು, ಸಿಗದೇ ಹೋದದ್ದು

2024ರಲ್ಲಿ ಆದೇಶ ಬಂತು. ಕಾಯಿಲೆ ಸೇವೆಯಿಂದ ಉಲ್ಬಣಿಸಿದ್ದು, ಮಂಡಳಿಯ ಅಭಿಪ್ರಾಯ ಆ ಮಟ್ಟಿಗೆ ರದ್ದು. ಪಿಂಚಣಿಯ ಎರಡು ಭಾಗಗಳಾದ ಸೇವಾಂಶ (ಸೇವೆಗೆ ಸಿಗುವುದು) ಮತ್ತು ಅಂಗವೈಕಲ್ಯಾಂಶ (ವೈಕಲ್ಯಕ್ಕೆ ಸಿಗುವುದು) ಎರಡೂ ಕೊಡಬೇಕು, ಶೇ 40ನ್ನು ಶೇ 50ಕ್ಕೆ ಏರಿಸಿ ಲೆಕ್ಕ ಹಾಕಬೇಕು. ಶೇ 50ಕ್ಕಿಂತ ಕಡಿಮೆ ಇದ್ದದ್ದನ್ನು 50 ಎಂದೂ, 50ರಿಂದ 75ರ ವರೆಗಿನದನ್ನು 75 ಎಂದೂ, ಅದಕ್ಕಿಂತ ಹೆಚ್ಚಿನದನ್ನು 100 ಎಂದೂ ಎಣಿಸುವ ಈ ಕ್ರಮವನ್ನು 2014ರ ಡಿಸೆಂಬರಿನ ರಾಮ್ ಅವತಾರ್ ತೀರ್ಪು ಗಟ್ಟಿ ಮಾಡಿದೆ. ಲೆಕ್ಕ ಹೀಗೆ: ಪೂರ್ಣ ಶೇ 100 ವೈಕಲ್ಯಕ್ಕೆ ಕೊನೆಯ ವೇತನದ ಶೇ 30. ವೇತನ 30,000 ಎಂದಿಟ್ಟುಕೊಂಡರೆ 9,000. ಶೇ 40ಕ್ಕೆ 3,600, ಶೇ 50ಕ್ಕೆ 4,500. ಸೇವಾಂಶ ಬೇರೆ, ತುಟ್ಟಿಭತ್ಯೆ ಬೇರೆ.

ಬಾಕಿ ಹಣ ಮಾತ್ರ 2016ರಿಂದ ಸಿಗಲಿಲ್ಲ. ಪಿಂಚಣಿ ತಿಂಗಳು ತಿಂಗಳೂ ಮುಂದುವರಿಯುವ ಹಕ್ಕಾದ್ದರಿಂದ ತಡವಾಗಿ ಬಂದರೂ ಬಾಗಿಲು ಮುಚ್ಚುವುದಿಲ್ಲ, ಆದರೆ ಬಾಕಿ ಸಿಗುವುದು ಅರ್ಜಿ ಹಾಕಿದ ದಿನಕ್ಕಿಂತ ಮೂರು ವರ್ಷ ಹಿಂದಿನವರೆಗೆ ಮಾತ್ರ. 2008ರ ತರ್ಸೇಮ್ ಸಿಂಗ್ ತೀರ್ಪಿನಿಂದ ಇದು ರೂಢಿಯಾಗಿದೆ. 2016ರ ಡಿಸೆಂಬರಿನಿಂದ 2019ರ ಜನವರಿಯ ತನಕ, ಇಪ್ಪತ್ತಾರು ತಿಂಗಳ ಹಣ ಹೋಯಿತು. 2017ರ ಪತ್ರದ ಕೊನೆಯ ಸಾಲನ್ನು ಆಗಲೇ ಓದಿದ್ದರೆ ಅದು ಉಳಿಯುತ್ತಿತ್ತು.

ಡಿಸ್ಚಾರ್ಜ್ ಬುಕ್ಕಿನಲ್ಲಿ ರೋಗದ ಹೆಸರೂ ಹಾಗೇ ಉಳಿಯಿತು. ತಾಯಿ ಕೇಳಿದ್ದು ಆಗಲಿಲ್ಲ. ಬಿಡುಗಡೆಯ ಕಾರಣವೂ ‘ವೈದ್ಯಕೀಯವಾಗಿ ಅನರ್ಹ’ ಎಂದೇ ಇದೆ.

ಆದೇಶ ಬಂದ ಮೇಲಿನ ಕೆಲಸ

ಆದೇಶ ಕೈಗೆ ಬಂದರೆ ಹಣ ಬಂದಂತಲ್ಲ. ನಾಲ್ಕು ತಿಂಗಳ ಗಡುವು ಮೀರಿತು, ಜಾರಿಗಾಗಿ ಮತ್ತೊಂದು ಅರ್ಜಿ ಹಾಕಬೇಕಾಯಿತು. ಪಿಂಚಣಿ ಮಂಜೂರಾತಿ ಪತ್ರ ಈಗ ಪ್ರಯಾಗ್‌ರಾಜ್‌ನ ರಕ್ಷಣಾ ಪಿಂಚಣಿ ಲೆಕ್ಕ ಕಚೇರಿಯಿಂದ, ಪಿಂಚಣಿಗೆಂದೇ ಇರುವ ‘ಸ್ಪರ್ಶ್’ ಎಂಬ ಆನ್‌ಲೈನ್ ಪೋರ್ಟಲ್ಲಿನ ಮೂಲಕ ಬರುತ್ತದೆ. ಅಲ್ಲಿ ಹೆಸರಿನ ತೊಡಕು ಎದುರಾಯಿತು: ಸೇವಾ ದಾಖಲೆಯಲ್ಲಿ ತಂದೆಯ ಹೆಸರು ನಡುವೆ, ಮನೆತನದ ಹೆಸರು ಇಲ್ಲ, ಆಧಾರಿನಲ್ಲಿ ಮನೆತನದ ಹೆಸರು ಮುಂದೆ. ಹೆಂಡತಿಗೆ ಮದುವೆಯಲ್ಲಿ ಇಟ್ಟ ಹೆಸರು ಪಾರ್ಟ್-2 ಆರ್ಡರಿನಲ್ಲಿದೆ, ತವರಿನ ಹೆಸರು ಬ್ಯಾಂಕಿನಲ್ಲಿದೆ. ನಮ್ಮ ಕಡೆಯ ಹೆಸರಿಡುವ ಪದ್ಧತಿಗೆ ಇದು ಮಾಮೂಲು. ಇಬ್ಬರ ಜಂಟಿ ಪ್ರಮಾಣಪತ್ರ, ಆಧಾರ್ ಪ್ರತಿ, ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ದೃಢೀಕರಣ ಸೇರಿಸಿ ರೆಕಾರ್ಡ್ ಆಫೀಸಿನಲ್ಲಿ ಮೊದಲು ತಿದ್ದಿಸಿದರು, ಆಮೇಲೆ ಪೋರ್ಟಲ್ಲಿನಲ್ಲಿ. ಈ ಕ್ರಮ ತಲೆಕೆಳಗಾದರೆ ಪೋರ್ಟಲ್ಲು ಒಪ್ಪುವುದಿಲ್ಲ. ಹೆಂಡತಿಯ ಹೆಸರು ಸರಿಯಾಗದಿದ್ದರೆ ಮುಂದೆ ಕುಟುಂಬ ಪಿಂಚಣಿಗೂ ಅಡ್ಡಿ. ಆದ್ದರಿಂದ ನ್ಯಾಯಮಂಡಳಿಯಲ್ಲಿ ಪ್ರಕರಣ ಇರುವಾಗಲೇ ಈ ಕೆಲಸ ಮುಗಿಸಿಟ್ಟುಕೊಳ್ಳುವುದು ಜಾಣತನ.

ಮಂಜೂರಾತಿ ಪತ್ರ ಬಂದ ಮೇಲೆ ಜಿಲ್ಲಾ ಸೈನಿಕ ಕಚೇರಿಯಿಂದ ಮಾಜಿ ಸೈನಿಕರ ಗುರುತಿನ ಚೀಟಿ, ಆಮೇಲೆ ಇಸಿಎಚ್‌ಎಸ್ ಕಾರ್ಡು. ಈಗ ಮಾತ್ರೆಯ ಖರ್ಚು ಮನೆಯ ಮೇಲಿಲ್ಲ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡುವುದನ್ನು ಹೆಂಡತಿ ನೋಡಿಕೊಳ್ಳುತ್ತಾರೆ, ತಪ್ಪಿದರೆ ಪಿಂಚಣಿ ನಿಲ್ಲುತ್ತದೆ.

ಈ ಆದೇಶದ ನಂತರ, 2025ರ ಮೇ ತಿಂಗಳಲ್ಲಿ, ಸ್ಕಿಜೋಫ್ರೇನಿಯಾ ಎಂದು ಹೊರಕಳಿಸಲಾಗಿದ್ದ ರಾಜುಮೋನ್ ಎಂಬ ಸೈನಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾರಣ ಬರೆಯದ ಮಂಡಳಿಯ ಅಭಿಪ್ರಾಯ ನಿಲ್ಲುವುದಿಲ್ಲ ಎಂದಿದೆ. ಈಗ ಹೊಸದಾಗಿ ಅರ್ಜಿ ಬರೆಯುವವರು ಅದನ್ನೂ ಸೇರಿಸಬೇಕು. ಆದರೆ 2023ರ ಸೆಪ್ಟೆಂಬರ್ 21ರಿಂದೀಚೆಗೆ ಸೇವೆಯಿಂದ ಹೊರಬಂದವರಿಗೆ ಹೊಸ ಅರ್ಹತಾ ನಿಯಮಗಳು ಅನ್ವಯಿಸುತ್ತವೆ. ಅವರು ಈ ಪ್ರಕರಣದ ಅರ್ಜಿಯನ್ನು ಹಾಗೇ ನಕಲು ಮಾಡಬಾರದು. ಬಿಡುಗಡೆಯ ತಾರೀಖನ್ನು ಮೊದಲು ನೋಡಿ, ಆ ದಿನ ಜಾರಿಯಲ್ಲಿದ್ದ ನಿಯಮವನ್ನೂ ಕೈಪಿಡಿಯನ್ನೂ ಮುಂದಿಟ್ಟುಕೊಂಡು ಬರೆಯಬೇಕು.